ಆ ಇಬ್ಬರು ಹೆಂಗಸರನ್ನು ಮೊದಲು ನೋಡು

ಪ್ರೀತಿಯ ಮಗಳೇ,

ನಿನ್ನ ಲೇಖನ ಎರಡು ಸಲ ಓದಿದೆ. ಕೊನೆಯಲ್ಲಿ ‘ನನಗೆ ಬರೆಯೋಕೆ ಬರಲ್ಲ, ಬಿಟ್ಟುಬಿಡಲಾ?’ ಅಂತ ಕೇಳಿದ್ದೀಯ. ಆವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬಿಡಬೇಡ. ಕಾಗುಣಿತ, ಪುಟದ ಲೆಕ್ಕ, ಯಾವ ಪತ್ರಿಕೆಗೆ ಕಳಿಸೋದು, ಇದನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ನಾನು ಬೇರೆ ಮಾತು ಹೇಳಬೇಕು.

ನೀನು ಬರೆಯಲು ಕೂತಿದ್ದು ರೊಮೇನಿಯಾದ ಚಿತ್ರಕಾರ ಷ್ಟೆಫಾನ್ ಲುಕಿಯಾನ್‌ನ ‘ಲೌತುಲ್’ ಚಿತ್ರದ ಬಗ್ಗೆ. ಹಾಗಂದರೆ ತಲೆ ತೊಳೆಯುವುದು. ಮನೆಯೊಳಗೆ ಇಬ್ಬರು ಹೆಂಗಸರು. ಒಬ್ಬಳು ತಲೆ ಬಗ್ಗಿಸಿದ್ದಾಳೆ, ಇನ್ನೊಬ್ಬಳು ಅವಳ ಕೂದಲು ತೊಳೆಯುತ್ತಿದ್ದಾಳೆ. ಅಷ್ಟೇ. ಆದರೆ ನಿನ್ನ ನಾಲ್ಕು ಪುಟದಲ್ಲಿ ಮೂರೂವರೆ ಪುಟ ಅವನ ಕಾಯಿಲೆಯೇ ತುಂಬಿದೆ. 1909ರಿಂದ ಕುರ್ಚಿ ಬಿಟ್ಟು ಏಳಲಾಗದ್ದು, ಬೆರಳಲ್ಲಿ ಕುಂಚ ನಿಲ್ಲದೆ ಮಣಿಕಟ್ಟಿಗೆ ಕಟ್ಟಿಸಿಕೊಂಡದ್ದು, ಬೇರೆಯವರ ಕೈಲಿ ಬರೆಸುತ್ತಾನೆ ಅಂತ ಜನ ಆಡಿಕೊಂಡದ್ದು, 1916ರಲ್ಲಿ 48ಕ್ಕೇ ಹೋಗಿಬಿಟ್ಟದ್ದು. ಎಲ್ಲ ನಿಜವೇ. ಓದಿದವರ ಕಣ್ಣು ಒದ್ದೆಯಾಗುತ್ತೆ. ಆದರೆ ಆ ಕಣ್ಣೀರನ್ನು ದುಡಿದದ್ದು ಅವನ ಕಾಯಿಲೆ. ನೀನಲ್ಲ.

ನಾನೂ ಇದನ್ನೇ ಮಾಡಿದ್ದೇನೆ. ನನ್ನ ಅಮ್ಮ ಹಾಸಿಗೆ ಹಿಡಿದಿದ್ದ ಕೊನೆಯ ವರ್ಷದ ಬಗ್ಗೆ ಕತೆ ಬರೆದೆ. ಒಬ್ಬ ಸಂಪಾದಕರು ‘ನೋವು ಇನ್ನೂ ಜಾಸ್ತಿ ಬರಲಿ’ ಅಂದರು. ಸೇರಿಸಿದೆ. ಬಹುಮಾನ ಬಂತು, ಹೊಗಳಿದ ಕಾಗದಗಳು ಬಂದವು. ಆ ಸಂಪಾದಕರ ಮೇಲೆ ಇವತ್ತಿಗೂ ಸಿಟ್ಟಿದೆ. ನನ್ನ ಮೇಲೆ ಇನ್ನೂ ಜಾಸ್ತಿ. ಹೋದ ತಿಂಗಳು ಆ ಕತೆ ತೆಗೆದು ಓದಿದರೆ ಅದರಲ್ಲಿ ಅಮ್ಮನೇ ಇಲ್ಲ. ತಲೆಗೆ ಎಣ್ಣೆ ಹಚ್ಚುವಾಗ ಕಿವಿಯ ಹಿಂದೆ ಒಂದು ಕಡೆ ಬೆರಳು ತಾಗಿದರೆ ಕಣ್ಣು ಮುಚ್ಚಿ ‘ಅಲ್ಲೇ, ಅಲ್ಲೇ’ ಅನ್ನುತ್ತಿದ್ದಳು. ಅದನ್ನು ನಾನು ಬರೆಯಲೇ ಇಲ್ಲ. ಕತೆಗೆ ಬೇಡದ್ದು ಅಂದುಕೊಂಡಿದ್ದೆ.

ಲುಕಿಯಾನ್ ಈ ಚಿತ್ರ ಬರೆದದ್ದು 1912ರಲ್ಲಿ. ಅಂದರೆ ಕುರ್ಚಿಯಲ್ಲಿ ಕೂತೇ. ತನ್ನ ಕಾಲು ಬಿದ್ದುಹೋಗಿದ್ದಾಗಲೂ ಅವನ ಕಣ್ಣು ಹೋದದ್ದು ಒಬ್ಬಳ ತಲೆ ತೊಳೆಯುವ ಇನ್ನೊಬ್ಬಳ ಕೈಗೆ. 1907ರಲ್ಲಿ ತನ್ನದೇ ಮುಖ ಬರೆದುಕೊಂಡು ಅದಕ್ಕೆ ‘ಉನ್ ಝುಗ್ರಾವ್’ ಅಂತ ಹೆಸರಿಟ್ಟ. ಒಬ್ಬ ಬಣ್ಣ ಬಳಿಯುವವ, ಅಂತ. ನೀನು ‘ಮಹಾನ್ ಕಲಾವಿದನ ನೋವು’ ಅಂತ ಐದು ಸಲ ಬರೆದಿದ್ದೀಯಲ್ಲ, ಐದನ್ನೂ ಹೊಡೆದುಹಾಕು.

ಮೂರನೇ ಪುಟದಲ್ಲಿ ಒಂದು ಸಾಲಿದೆ: ‘ಬೇರೆಯವರ ಕೈಗೆ ತಲೆ ಕೊಟ್ಟಾಗ ಕುತ್ತಿಗೆ ತಾನಾಗಿ ಸಡಿಲವಾಗುತ್ತೆ.’ ಇಂಥ ಸಾಲು ಬರೆದವಳು ಬರೆಯೋಕೆ ಬರಲ್ಲ ಅಂತಾಳಲ್ಲ! ಅಲ್ಲಿಂದ ಶುರು ಮಾಡು. ನೀರು ಬಿಸಿ ಇತ್ತಾ? ಅವರು ಮಾತಾಡ್ತಿದ್ದರಾ, ಸುಮ್ನಿದ್ದರಾ? ಚಿತ್ರ ಮುಂದಿಟ್ಟುಕೊಂಡು ಅರ್ಧ ಗಂಟೆ ಕೂರು. ಆಮೇಲೆ ಬರೆದು ಕಳಿಸು. ಎರಡೇ ಪುಟ ಆದರೂ ಸರಿ, ಕಾಯುತ್ತಿರುತ್ತೇನೆ.

ನಿನ್ನ ಅಮ್ಮನಿಗೆ ನಮಸ್ಕಾರ ಹೇಳು.