ಅಮ್ಮನ ಎದೆಯ ಗಾಯವನ್ನು ದಿನವೂ ನೀನೇ ನೋಡು

ಚಿ. ಸೌ. ಸುಮಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಅಮ್ಮನಿಗೆ ಹೃದಯದ ಬೈಪಾಸ್ ಆಪರೇಷನ್ ಆಗಬೇಕೆಂದು ತಿಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಬೆನ್ನಿಗೆ ಬಿದ್ದ ತಂಗಿ ಅವಳು. ಹೃದಯದ ಕೆಲಸವನ್ನು ವೈದ್ಯರು ಮಾಡಿ ಮುಗಿಸುತ್ತಾರೆ. ಹೃದ್ರೋಗ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿದ್ದ ನನ್ನನ್ನು ಕಾಡುವುದು ಅವಳು ಮನೆಗೆ ಬಂದ ಮೇಲಿನ ದಿನಗಳು.

ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ಕೊನೆಗೆ ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಎರಡು ವಾರದಲ್ಲಿ ಮೇಲಿನ ಚರ್ಮ ಕೂಡಿದಂತೆ ಕಾಣುತ್ತದೆ. ಒಳಗಿನ ಮೂಳೆ ಗಟ್ಟಿಯಾಗಲು ಎರಡು ಮೂರು ತಿಂಗಳು ಬೇಕು. ಆಳದ ಸೋಂಕು ಆಗುವುದು ನೂರರಲ್ಲಿ ಒಬ್ಬಿಬ್ಬರಿಗೆ. ಆದರೆ ಸಕ್ಕರೆ ಕಾಯಿಲೆ, ಹೆಚ್ಚಿದ ಮೈತೂಕ, ಭಾರವಾದ ಸ್ತನಗಳು, ಇವೆಲ್ಲ ಆ ಅಪಾಯವನ್ನು ಏರಿಸುತ್ತವೆ. ನಿನ್ನ ಅಮ್ಮನಿಗೆ ಮೂರೂ ಇವೆ.

ನಮ್ಮ ವಾರ್ಡಿಗೆ ಹದಿನಾರನೆಯ ದಿನ ಮರಳಿ ಬಂದ ಒಬ್ಬ ತಾಯಿಯನ್ನು ನಾನು ಮರೆತಿಲ್ಲ. ನಾಲ್ಕು ದಿನದಿಂದ ರವಿಕೆ ಒದ್ದೆಯಾಗುತ್ತಿತ್ತು. ಎದೆ ತೋರಿಸಲು ನಾಚಿಕೊಂಡು ಮಗನಿಗೂ ಸೊಸೆಗೂ ಹೇಳದೆ, ಅರಿಶಿನ ಹಚ್ಚಿ ಮೇಲೆ ಸೆರಗು ಹೊದ್ದಿದ್ದರು. ಮತ್ತೆ ಎದೆ ತೆರೆದು, ತಂತಿ ತೆಗೆದು, ಕೊಳೆತದ್ದನ್ನೆಲ್ಲ ತೊಳೆಯಬೇಕಾಯಿತು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಬದುಕಿದರು. ಮೊದಲ ದಿನವೇ ತೋರಿಸಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲವೇನೋ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ನಿನ್ನ ಅಮ್ಮನೂ ಅದೇ ಸ್ವಭಾವದವಳು. ಅದಕ್ಕೇ ಹೇಳುತ್ತೇನೆ, ದಿನವೂ ಸ್ನಾನವಾದ ಮೇಲೆ ಬಾಗಿಲು ಹಾಕಿ, ಒಳ್ಳೆಯ ಬೆಳಕಿನಲ್ಲಿ ನೀನೇ ನೋಡು. ಕೇಳಿದರೆ "ಏನೂ ಇಲ್ಲ ಬಿಡೇ" ಅನ್ನುತ್ತಾಳೆ. ಆ ಮಾತನ್ನು ನಂಬಬೇಡ.

ಆಪರೇಷನ್ನಿಗೆ ಮೊದಲು ಶುಗರ್ ಹತೋಟಿಗೆ ಬರಲಿ. ಆಪರೇಷನ್ ಆದ ಮೇಲೆ ಆಸ್ಪತ್ರೆಯಲ್ಲಿ ಅದು 180ರೊಳಗೆ ಇರುವಂತೆ ನೋಡಿಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಆ ಕಾವಲು ನಿನ್ನದು. ಗಾಯಕ್ಕೆ ಸೋಂಕು ತರುವ ಸ್ಟೆಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಅನೇಕರ ಮೂಗಿನಲ್ಲೇ ಮನೆ ಮಾಡಿಕೊಂಡಿರುತ್ತದೆ. ಅದಕ್ಕಾಗಿ ಮೂಗಿಗೆ ಮುಲಾಮು, ಮೈ ತೊಳೆಯಲು ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ದ್ರಾವಣ ಕೊಟ್ಟರೆ ಹೇಳಿದಷ್ಟು ದಿನವೂ ತಪ್ಪದೆ ಬಳಸಿ. ಬೈಪಾಸಿಗೆ ಬೇಕಾದ ರಕ್ತನಾಳವನ್ನು ಕಾಲಿನಿಂದ ತೆಗೆಯುತ್ತಾರೆಂದು ಕಾಲಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯುವುದು ಬೇಡ. ಕಣ್ಣಿಗೆ ಕಾಣದ ಗೀರುಗಳಲ್ಲೇ ಸೋಂಕು ಸೇರಿಕೊಳ್ಳುತ್ತದೆ. ರಕ್ತನಾಳ ತೆಗೆದ ಕಾಲಿನ ಗಾಯಕ್ಕೂ ಇದೇ ಜೋಪಾನ ಬೇಕು.

ಮಾಂಗಲ್ಯದ ವಿಷಯ ಬೇರೆ ಯಾರೂ ನಿನಗೆ ಹೇಳಲಾರರು. ಸರ ನೇರವಾಗಿ ಗಾಯದ ಮೇಲೆ ಬೀಳುತ್ತದೆ, ಬೆವರು ಹಿಡಿದು ಉಜ್ಜುತ್ತದೆ. ಗಾಯ ಪೂರ್ತಿ ಒಣಗುವವರೆಗೆ ದೇವರ ಮುಂದಿಟ್ಟಿರಲಿ. ನಿನ್ನ ಅಜ್ಜಿ ಇದ್ದಿದ್ದರೂ ಬೇಡವೆನ್ನುತ್ತಿರಲಿಲ್ಲ. ಮುಂದೆ ಕೊಂಡಿಯಿರುವ, ತಂತಿಯಿಲ್ಲದ ಮೆತ್ತನೆಯ ಹತ್ತಿಯ ಬ್ರಾ ಎರಡು ಮೂರು ತಂದಿಡು. ಆಧಾರವಿಲ್ಲದ ಸ್ತನದ ಭಾರ ಹೊಲಿಗೆಯನ್ನು ಎರಡೂ ಕಡೆಗೆ ಜಗ್ಗುತ್ತದೆ. ಹಗಲೂ ರಾತ್ರಿಯೂ ತೊಟ್ಟಿರಲಿ, ದಿನವೂ ಒಗೆದದ್ದೇ ಆಗಲಿ.

ಗಾಯಕ್ಕೆ ಅರಿಶಿನ, ವಿಭೂತಿ, ಕೊಬ್ಬರಿ ಎಣ್ಣೆ, ಪೌಡರ್ ಏನನ್ನೂ ಸೋಕಿಸಬೇಡ. ವೈದ್ಯರು ಒಪ್ಪಿದ ಮೇಲೆ ಸೋಪು ನೀರಿನಲ್ಲಿ ಹಗುರವಾಗಿ ತೊಳೆದು, ಒಗೆದ ಬಟ್ಟೆಯಿಂದ ಒತ್ತಿ ಒಣಗಿಸು. ಮುಟ್ಟುವ ಮೊದಲು ಕೈ ತೊಳೆದುಕೊ. ಪಥ್ಯವೆಂದು ಬರೀ ಗಂಜಿ ಹಾಕಬೇಡ. ಬೇಳೆ, ಮೊಳಕೆಕಾಳು, ಮೊಸರು, ಮೊಟ್ಟೆ ತಿಂದರೆ ತಾನೇ ಗಾಯ ಕೂಡುವುದು. ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿಕೊಳ್ಳಲಿ. ತುಂಬಿದ ಬಕೆಟ್, ಮೊಮ್ಮಗು, ಹಿಟ್ಟಿನ ಡಬ್ಬ ಯಾವುದನ್ನೂ ಮೂರು ತಿಂಗಳು ಎತ್ತಬಾರದು. ಕೈಯೂರಿ ಮಂಚದಿಂದ ಏಳುವುದೂ ಬೇಡ.

ಗಾಯ ಒಸರಿದರೆ, ಕೆಂಪಾಗಿ ಊದಿಕೊಂಡರೆ, ಹೊಲಿಗೆ ಬಾಯಿಬಿಟ್ಟರೆ, ಜ್ವರ 100 ಡಿಗ್ರಿ ದಾಟಿದರೆ, ನೋವು ಇಳಿಯುವ ಬದಲು ಏರಿದರೆ ಅಂದೇ ಆಪರೇಷನ್ ಮಾಡಿದ ಆಸ್ಪತ್ರೆಗೇ ಕರೆದೊಯ್ಯಿ. ಮಗ್ಗುಲು ತಿರುಗುವಾಗ ಎದೆಮೂಳೆ ಕಟಕ್ಕೆಂದರೂ ಅಷ್ಟೇ, ಬೆಳಗಾಗಲೆಂದು ಕಾಯಬೇಡ.

ಡಿಸ್ಚಾರ್ಜ್ ಆಗುವ ಹಿಂದಿನ ದಿನವೇ ನಾನು ಬಂದುಬಿಡುತ್ತೇನೆ. ನೋಡಲು ಬರುವವರ ದಂಡನ್ನು ಹಜಾರದಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸುವ ಕೆಲಸ ನನಗಿರಲಿ. ಅವಳ ಮಂಚವನ್ನು ಕಿಟಕಿಯ ಪಕ್ಕಕ್ಕೆ ಹಾಕಿಸು, ಗಾಯ ನೋಡಲು ಬೆಳಕು ಸಾಕಷ್ಟಿರಬೇಕು.

ಇಂತಿ,
ನಿನ್ನ ದೊಡ್ಡಮ್ಮ