ಗೆಳೆಯನಿಗೊಂದು ಪತ್ರ: ಮೆರಿಟ್ ಓಡಿದ ಆ ಹದಿಮೂರು ಸೆಕೆಂಡು

ಪ್ರೀತಿಯ ದಣಪೆ,

ಇದನ್ನು ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲೇ ಬರೆಯುತ್ತಿದ್ದೇನೆ. ನಿನಗೊಬ್ಬನಿಗೇ ಕಳಿಸಿದರೆ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತೀಯ. ಇಲ್ಲಿ ಹಾಕಿದರೆ ನಮ್ಮ ಬ್ಯಾಚಿನವರು ನಿನ್ನನ್ನು ಬಿಡುವುದಿಲ್ಲ, ಉತ್ತರ ಬರೆಯಲೇಬೇಕಾಗುತ್ತದೆ. ಓದುವ ಉಳಿದವರಿಗೆ ಇಷ್ಟು ಗೊತ್ತಿದ್ದರೆ ಸಾಕು: ದಣಪೆ ನಮ್ಮ ಹೈಸ್ಕೂಲಿನ ಹರ್ಡಲ್ಸ್ ಓಟಗಾರ, ಅಂದರೆ ದಾರಿಯಲ್ಲಿಟ್ಟ ಅಡ್ಡಪಟ್ಟಿಗಳನ್ನು ಹಾರುತ್ತಾ ಓಡುವವನು. ಆ ಹೆಸರು ಯಾಕೆ ಬಂತು ಅನ್ನುವುದನ್ನು ಬೇಕಾದರೆ ಅವನೇ ಹೇಳಲಿ.

ಟೋಕಿಯೋದ ವಿಶ್ವ ಅಥ್ಲೆಟಿಕ್ಸ್ ನೋಡಿದೆಯಾ? 2025ರ ಸೆಪ್ಟೆಂಬರ್ 16ರ 110 ಮೀಟರ್ ಹರ್ಡಲ್ಸ್ ಫೈನಲ್ಲನ್ನು ನಾನು ಮೊಬೈಲಿನಲ್ಲೇ ನೋಡಿದೆ. ನಮ್ಮಲ್ಲಿ ಆಗ ದೀಪ ಹಚ್ಚುವ ಹೊತ್ತು. ಹೊರಗೆ ಮಳೆ, ಕರೆಂಟ್ ಇಲ್ಲ. ಗ್ರಾಂಟ್ ಹಾಲೋವೇ ಸೆಮಿಫೈನಲ್ಲಿನಲ್ಲೇ ಹೊರಗೆ! ಮೂರು ಸಲ ವಿಶ್ವ ಚಾಂಪಿಯನ್ ಆದವನು, ಪ್ಯಾರಿಸ್ ಒಲಿಂಪಿಕ್ಸ್‌ನ ಚಿನ್ನವೂ ಅವನದೇ. ಗೆದ್ದದ್ದು ಕಾರ್ಡೆಲ್ ಟಿಂಚ್, 12.99 ಸೆಕೆಂಡು. ಕೆಲವು ವರ್ಷಗಳ ಹಿಂದೆ ಓಟ ಬಿಟ್ಟು ಮೊಬೈಲ್ ಫೋನ್ ಮಾರುತ್ತಿದ್ದ ಹುಡುಗ. ಎರಡನೆಯವನೂ ಮೂರನೆಯವನೂ ಜಮೈಕಾದವರು. ಅವತ್ತೇ ನಿನಗೆ ಬರೆಯಬೇಕು ಅಂದುಕೊಂಡಿದ್ದೆ. ಆದರೆ ಅದೇ ರಾತ್ರಿ ಹಳೆಯ ಓಟಗಳನ್ನು ಒಂದೊಂದಾಗಿ ಹಾಕಿಕೊಂಡು ನೋಡುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡೆ. ಹತ್ತು ವರ್ಷದ ಹಿಂದಿನ ಓಟ ಅದು.

2015ರ ಆಗಸ್ಟ್ 28, ಬೀಜಿಂಗ್. ಹಕ್ಕಿಗೂಡು ಅಂತ ಕರೆಯುತ್ತಾರಲ್ಲ, ಅದೇ ಸ್ಟೇಡಿಯಂ. ವಿಶ್ವ ಚಾಂಪಿಯನ್‌ಶಿಪ್ಪಿನ ಫೈನಲ್. ಅಮೆರಿಕದ ಏರೀಸ್ ಮೆರಿಟ್ ಓಡುತ್ತಿದ್ದಾನೆ. ಆ ಹೆಸರು ನಿನಗೆ ಮರೆಯುವುದು ಸಾಧ್ಯವೇ ಇಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 12.92ಕ್ಕೆ ಚಿನ್ನ. ಅದೇ ವರ್ಷ ಸೆಪ್ಟೆಂಬರ್ 7ರಂದು ಬ್ರಸೆಲ್ಸ್‌ನಲ್ಲಿ 12.80. ಆ ವಿಶ್ವ ದಾಖಲೆ ಇವತ್ತಿಗೂ ಹಾಗೇ ಇದೆ. ಹಾಲೋವೇ 12.81ರವರೆಗೆ ಬಂದ, ಸೆಕೆಂಡಿನ ನೂರರಲ್ಲೊಂದು ಭಾಗ ಉಳಿದುಬಿಟ್ಟಿತು. ಮೊದಲ ಹರ್ಡಲ್‌ಗೆ ಎಂಟು ಹೆಜ್ಜೆ ಇಡುತ್ತಿದ್ದ ಮೆರಿಟ್ ಅದನ್ನು ಏಳಕ್ಕೆ ಇಳಿಸಿಕೊಂಡ ಮೇಲೆ ಬಂದ ಫಲ ಇದೆಲ್ಲ. ನಿನ್ನನ್ನು ಹತ್ತರಿಂದ ಎಂಟಕ್ಕೆ ಇಳಿಸಲು ನಮ್ಮ ಪಿ.ಟಿ. ಮಾಸ್ತರು ಪಟ್ಟ ಪಾಡು ನೆನಪಿದೆಯಾ?

ಗಂಡಸರ ಹರ್ಡಲ್‌ನ ಎತ್ತರ 1.067 ಮೀಟರ್, ಅಂದರೆ ಮೂರೂವರೆ ಅಡಿ. ಒಟ್ಟು ಹತ್ತು. ಮೊದಲನೆಯದು 13.72 ಮೀಟರ್ ದೂರದಲ್ಲಿ, ಆಮೇಲೆ ಒಂದರಿಂದ ಒಂದಕ್ಕೆ 9.14. ಆ ಜಾಗದಲ್ಲಿ ಮೂರೇ ಹೆಜ್ಜೆ. ಹರ್ಡಲ್ ಬಿದ್ದರೆ ತಪ್ಪಲ್ಲ, ಬೇಕಂತಲೇ ಬೀಳಿಸಬಾರದು ಅಷ್ಟೆ. ಆದರೆ ತಾಗಿತು ಅಂದರೆ ವೇಗ ಹೋಯಿತು, ಮುಂದಿನ ಮೂರು ಹೆಜ್ಜೆಯ ಲೆಕ್ಕವೂ ಹೋಯಿತು. ನಮ್ಮ ಅಡಿಕೆ ದಬ್ಬೆಯ ಹರ್ಡಲ್‌ಗಳು ಬೀಳುತ್ತಲೂ ಇರಲಿಲ್ಲ, ನಿನ್ನ ಮೊಣಕಾಲಿನ ಚರ್ಮ ಕೀಳುತ್ತಿದ್ದವು. ಜಿಲ್ಲಾ ಮಟ್ಟಕ್ಕೆ ಅಂತ ಶಿವಮೊಗ್ಗದ ನೆಹರೂ ಸ್ಟೇಡಿಯಂಗೆ ಹೋದಾಗ, ತಾಗಿದರೆ ಮುಂದಕ್ಕೆ ಮಗುಚಿಕೊಳ್ಳುವ ಹರ್ಡಲ್ಲನ್ನು ನೀನು ಮೊದಲ ಸಲ ಮುಟ್ಟಿ ನೋಡಿದ್ದೆ. 'ಇದು ಬೀಳ್ತದೆ ಮಾರಾಯ, ಹೆದರೋ ಹಾಗೇ ಇಲ್ಲ' ಅಂದೆ. ಆ ಖುಷಿ ನಿನ್ನ ಮುಖದಲ್ಲಿ ಹೇಗಿತ್ತು ಅಂತ ನಿನಗೆ ಗೊತ್ತಿಲ್ಲ, ನಾನು ನೋಡಿದ್ದೇನೆ.

ಮೆರಿಟ್ ವಿಷಯಕ್ಕೆ ಬರುತ್ತೇನೆ. 2013ರಲ್ಲಿ ಅವನಿಗೆ ಕಿಡ್ನಿ ಕಾಯಿಲೆ ಇದೆ ಅಂತ ಗೊತ್ತಾಯಿತು. ವಂಶವಾಹಿಯಲ್ಲೇ ಇದ್ದ ದೋಷ. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ. ಬೀಜಿಂಗಿಗೆ ಬರುವ ಹೊತ್ತಿಗೆ ಎರಡೂ ಕಿಡ್ನಿ ಸೇರಿ ಶೇಕಡಾ 20ರಷ್ಟೂ ಕೆಲಸ ಮಾಡುತ್ತಿರಲಿಲ್ಲ. ಕಿಡ್ನಿ ಕಸಿಗೆ ದಿನ ಗೊತ್ತಾಗಿತ್ತು: ಸೆಪ್ಟೆಂಬರ್ 1. ಫೈನಲ್ ಆದ ನಾಲ್ಕನೇ ದಿನ! ಅಂಥ ಮೈ ಹೊತ್ತುಕೊಂಡು ಬಂದು ಹತ್ತು ಹರ್ಡಲ್ ದಾಟಿದ. ರಷ್ಯಾದ ಸೆರ್ಗೆಯ್ ಶುಬೆಂಕೊವ್ 12.98, ಜಮೈಕಾದ ಹ್ಯಾನ್ಸಲ್ ಪಾರ್ಚ್‌ಮೆಂಟ್ 13.03, ಮೆರಿಟ್ 13.04. ಕಂಚು. ಬೆಳ್ಳಿಗೂ ಕಂಚಿಗೂ ನಡುವೆ ಸೆಕೆಂಡಿನ ನೂರರಲ್ಲೊಂದು ಭಾಗ.

ನಾನು ಈ ಓಟವನ್ನು ಮತ್ತೆ ಮತ್ತೆ ನೋಡಿದೆ. ಮೊದಮೊದಲು ಅವನ ಕಾಲು ನೋಡುತ್ತಿದ್ದೆ. ಲೀಡ್ ಲೆಗ್, ಅಂದರೆ ಹರ್ಡಲ್ಲನ್ನು ಮೊದಲು ದಾಟುವ ಕಾಲು, ಎಷ್ಟು ಬೇಗ ನೆಲಕ್ಕೆ ಬರುತ್ತದೆ, ಭುಜ ಎಷ್ಟು ಕಡಿಮೆ ಏಳುತ್ತದೆ ಅಂತ. ಆಮೇಲೆ ಕಣ್ಣು ಅವನ ಮೇಲೆ ನಿಲ್ಲಲೇ ಇಲ್ಲ. ಅವನಿಗೆ ಕಿಡ್ನಿ ಕೊಡಲು ಹೊರಟಿದ್ದವಳು ಅವನ ಒಡಹುಟ್ಟಿದವಳು, ಲಾಟೋಯಾ ಹಬ್ಬರ್ಡ್. ಆ ಹದಿಮೂರು ಸೆಕೆಂಡಿನ ಚಿತ್ರದಲ್ಲಿ ಅವಳಿಲ್ಲ. ಇರುವುದು ಟ್ರ್ಯಾಕು, ಹತ್ತು ಹರ್ಡಲ್, ಓಡುವ ಗಂಡಸರು. ಇಡೀ ಜಗತ್ತು ಮೆರಿಟ್‌ನ ಧೈರ್ಯದ ಬಗ್ಗೆ ಮಾತಾಡಿತು, ಮಾತಾಡಲೇಬೇಕು. ಅವಳನ್ನು 'ಕಿಡ್ನಿ ಕೊಟ್ಟ ಸಹೋದರಿ' ಅಂತ ಒಂದು ಸಾಲಿನಲ್ಲಿ ಹೇಳಿ ಮುಗಿಸಿದರು. ನಾನೋ, ಆ ರಾತ್ರಿಯೆಲ್ಲ ಅವಳ ಬಗ್ಗೆಯೇ ಯೋಚಿಸುತ್ತಿದ್ದೆ.

ಯಾಕೆ ಅಂತ ಹೇಳುತ್ತೇನೆ. ಅಕ್ಕನ ವಿಷಯ ನಿನಗೆ ಅರ್ಧ ಗೊತ್ತು. ಇನ್ನರ್ಧ ಇಲ್ಲಿದೆ. ಬರೆಯುವ ಮುಂಚೆ ಅವಳನ್ನು ಕೇಳಿದ್ದೇನೆ. 'ಬರಿ, ಆದ್ರೆ ನನ್ನ ನೋಡಿ ಅಯ್ಯೋ ಪಾಪ ಅನ್ನೋ ಹಾಗೆ ಬರೀಬೇಡ' ಅಂದಳು.

ಅವಳಿಗೆ ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಹೋಗಿ ಬರುವುದೇ ಕಷ್ಟ ಅಂತ ಹೊಸನಗರದ ಮನೆ ಬಿಟ್ಟು ಶಿವಮೊಗ್ಗದಲ್ಲಿ ಬಾಡಿಗೆಗೆ ಇದ್ದಾಳೆ. ಡಯಾಲಿಸಿಸ್ ಸೂಜಿ ಹಾಕಲು ಅಂತ ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದಾರೆ, ರಕ್ತನಾಳ ಎರಡನ್ನು ಸೇರಿಸಿ. ಅದರ ಮೇಲೆ ಬೆರಳಿಟ್ಟರೆ ಜೇನುಪೆಟ್ಟಿಗೆ ಮುಟ್ಟಿದ ಹಾಗೆ ಜುಮ್ ಅನ್ನುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಮುಟ್ಟಿ ನೋಡಿಕೊಳ್ಳುತ್ತಾಳೆ, ಜುಮ್ ಅಂದರೆ ಆ ದಿನಕ್ಕೆ ಸಮಾಧಾನ. ಕುಡಿಯುವ ನೀರಿಗೆ ಲೋಟದ ಲೆಕ್ಕ. ಎಳನೀರು ಬೇಡ, ಬಾಳೆಹಣ್ಣು ಬೇಡ, ಉಪ್ಪು ಬೇಡ. ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಅವಳೇ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು. ಆಷಾಢದ ಮಳೆಯಲ್ಲಿ ಕಿಟಕಿಯ ಹತ್ತಿರ ಕೂತು 'ಇಷ್ಟು ನೀರು ಸುರೀತದೆ, ನಂಗೆ ಒಂದು ಲೋಟಕ್ಕೆ ಲೆಕ್ಕ' ಅಂದಿದ್ದಳು. ಅವಳು ನಗುತ್ತಲೇ ಹೇಳಿದಳು. ನನಗೆ ಅಲ್ಲಿ ಕೂರಲು ಆಗಲಿಲ್ಲ.

ನನ್ನ ಕಿಡ್ನಿ ಅವಳಿಗೆ ಹೊಂದುತ್ತದೆ ದಣಪೆ. ರಕ್ತದ ಗುಂಪು ಒಂದೇ. ಅಂಗಾಂಶದ ಪರೀಕ್ಷೆ, ಕ್ರಾಸ್ ಮ್ಯಾಚ್ (ಅವಳ ರಕ್ತ ನನ್ನ ಜೀವಕೋಶಗಳನ್ನು ವಿರೋಧಿಸುತ್ತದೆಯೇ ಅಂತ ನೋಡುವ ಪರೀಕ್ಷೆ), ಸಿಟಿ ಸ್ಕ್ಯಾನ್ ಎಲ್ಲ ಆಯಿತು. 1994ರ ಅಂಗಾಂಗ ಕಸಿ ಕಾನೂನಿನಲ್ಲಿ ಒಡಹುಟ್ಟಿದವರು ಹತ್ತಿರದ ಸಂಬಂಧಿಗಳೇ, ಹಾಗಾಗಿ ಕಾಗದಪತ್ರ ಅಷ್ಟು ಕಷ್ಟವಾಗಲಿಲ್ಲ. ದೀಪಾವಳಿ ಕಳೆದ ಮೇಲೆ ಆಪರೇಷನ್. ಸಾಮಾನ್ಯವಾಗಿ ಎಡಗಡೆಯದನ್ನು ತೆಗೆಯುತ್ತಾರೆ, ಅದರ ರಕ್ತನಾಳ ಉದ್ದ ಇರುತ್ತದಂತೆ. ಉಳಿದ ಒಂದು ಕಿಡ್ನಿ ಸ್ವಲ್ಪ ದೊಡ್ಡದಾಗಿ ಕೆಲಸ ಜಾಸ್ತಿ ಮಾಡಲು ಶುರು ಮಾಡುತ್ತದೆ. ಕೊಟ್ಟವರು ಕೆಲವೇ ದಿನಕ್ಕೆ ಮನೆಗೆ ಬರುತ್ತಾರೆ, ಕೆಲವು ವಾರ ಭಾರ ಎತ್ತಬಾರದು. ಡಾಕ್ಟರು ಇದನ್ನೆಲ್ಲ ತಾಳ್ಮೆಯಿಂದ ಹೇಳಿದರು. ನಾನು ತಲೆಯಾಡಿಸಿದೆ. ಅಡಿಕೆ ಕೊಯ್ಲಿನ ಹೊತ್ತಿಗೇ ನಾನು ಮಲಗಿರುತ್ತೇನಲ್ಲ ಅಂತ ಹೇಳಿದೆ. ಅದು ಬಿಟ್ಟು ಬೇರೆ ಏನನ್ನೂ ಹೇಳಲಿಲ್ಲ.

ಹೇಳದೇ ಉಳಿದದ್ದು ಏನು ಅಂತ ಈಗ ಬರೆಯುತ್ತಿದ್ದೇನೆ. ಇಷ್ಟು ದೂರ ಬರುತ್ತೇನೆ ಅಂತ ಪತ್ರ ಶುರು ಮಾಡುವಾಗ ಅಂದುಕೊಂಡಿರಲಿಲ್ಲ. ನನಗೆ ಹೆದರಿಕೆ ಆಗುತ್ತಿದೆ. ರಾತ್ರಿ ಎಚ್ಚರಾಗಿ ಎಡಪಕ್ಕೆ ಮುಟ್ಟಿ ನೋಡಿಕೊಳ್ಳುತ್ತೇನೆ. ಅರಿವಳಿಕೆ ಕೊಟ್ಟ ಮೇಲೆ ಏಳದೇ ಇದ್ದರೆ? ಉಳಿದ ಒಂದಕ್ಕೂ ನಾಳೆ ಏನಾದರೂ ಬಂದರೆ? ಮಗಳು ಇನ್ನೂ ನಾಲ್ಕನೇ ಕ್ಲಾಸು. ಹೆಂಡತಿ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವಾಗ ನನ್ನ ಮುಖ ನೋಡಲಿಲ್ಲ. ಕ್ರಾಸ್ ಮ್ಯಾಚ್ ರಿಪೋರ್ಟ್ ಬರುವ ದಿನ ನಾನು ತುಂಗೆಯ ಸೇತುವೆಯ ಮೇಲೆ ನಿಂತು ಕಾಯುತ್ತಿದ್ದೆ. ಹೊಂದಬಾರದು ಅಂತ ಮನಸ್ಸು ಬೇಡಿಕೊಂಡಿತು. ಒಂದೇ ಕ್ಷಣ. ಆದರೆ ಬೇಡಿಕೊಂಡಿತು. ಹೊಂದುತ್ತದೆ ಅಂತ ಫೋನ್ ಬಂದಾಗ ಅಕ್ಕ ಅತ್ತಳು, ನಾನೂ ಅತ್ತೆ. ಅವಳು ಯಾಕೆ ಅತ್ತಳು ಅಂತ ಎಲ್ಲರಿಗೂ ಗೊತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ.

ಊರಿನಲ್ಲಿ ಈಗ ನನಗೆ ಬಹಳ ಮರ್ಯಾದೆ. 'ಇಂಥ ತಮ್ಮ ಎಲ್ಲಿ ಸಿಗ್ತಾನೆ' ಅನ್ನುತ್ತಾರೆ. ಸೊಸೈಟಿಯಲ್ಲಿ ಸಾಲು ಬಿಟ್ಟು ಮುಂದೆ ಕಳಿಸುತ್ತಾರೆ. ಅವರ ಪ್ರೀತಿ ನಿಜವಾದದ್ದು, ನನಗೆ ಅದು ಬೇಕು ಕೂಡ. ಆದರೆ ದೇವರಂಥವನು ಅಂದವರ ಮುಂದೆ ಕೂತು ಕೈಕಾಲು ನಡುಗುತ್ತಿದೆ ಅಂತ ಹೇಗೆ ಹೇಳಲಿ? ಅದಕ್ಕೇ ಲಾಟೋಯಾ ಹಬ್ಬರ್ಡ್ ನನಗೆ ಅಷ್ಟು ಹತ್ತಿರವಾದದ್ದು. ಅಲ್ಲಿ ತಮ್ಮನೋ ಅಣ್ಣನೋ ಮೂರೂವರೆ ಅಡಿಯ ಹರ್ಡಲ್ ಹಾರುತ್ತಿದ್ದಾಗ, ನಾಲ್ಕು ದಿನ ಬಿಟ್ಟು ತಾನು ಮಲಗಬೇಕಾದ ಮೇಜನ್ನು ನೆನೆದು ಅವಳ ಕೈಯೂ ತಣ್ಣಗಾಗಿರಬಹುದು ಅಂತ ಅನ್ನಿಸುತ್ತದೆ. ಆಗಿರಲಿ ಅಂತ ಆಸೆಪಡುತ್ತೇನೆ. ಆಗ ನಾನೊಬ್ಬನೇ ಅಲ್ಲ, ಅಲ್ವಾ?

ಅಕ್ಕ, ನೀನು ಇಲ್ಲಿಯವರೆಗೂ ಓದಿದ್ದರೆ ಒಂದು ಮಾತು. ನಾನು ಹಿಂದೆ ಸರಿಯುವುದಿಲ್ಲ. ಹೆದರಿಕೆ ಇದ್ದರೂ ಬರುತ್ತೇನೆ, ಹೆದರಿಕೆ ಹೋಗಲಿ ಅಂತ ಕಾಯುವುದಿಲ್ಲ. ನೆಹರೂ ಸ್ಟೇಡಿಯಂಗೆ ಹೋಗಲು ಅಪ್ಪಯ್ಯ ಬೇಡ ಅಂದಾಗ, ಪೇಟೆಯಿಂದ ಔಷಧಿ ತರಿಸಬೇಕು ಅಂತ ಹೇಳಿ ನನ್ನನ್ನು ಬಸ್ಸು ಹತ್ತಿಸಿದವಳು ನೀನು. ಔಷಧಿ ಯಾರಿಗೆ ಅಂತ ಅವರು ಕೇಳಿದ್ದಕ್ಕೆ ದನಕ್ಕೆ ಅಂದವಳೂ ನೀನೇ. ದಣಪೆಯ ಓಟಕ್ಕೆ ನಾನು ಹಿಡಿದ ಸ್ಟಾಪ್‌ವಾಚು ನಿನ್ನಿಂದಲೇ ಸಿಕ್ಕಿದ್ದು. ಇದನ್ನು ಋಣ ತೀರಿಸುವ ಮಾತು ಅಂದುಕೊಳ್ಳಬೇಡ. ಸುಮ್ನೆ ನೆನಪಾಯಿತು.

ಮೆರಿಟ್ ಮುಂದೆ ಏನಾದ ಅಂತ ಹೇಳದೆ ಬಿಟ್ಟರೆ ದಣಪೆ ಬೈಯುತ್ತಾನೆ. ಕಸಿಯಾದ ಮೇಲೆ ಅವನಿಗೆ ಇನ್ನೊಂದು ಆಪರೇಷನ್ ಬೇಕಾಯಿತು. ಆದರೂ 2016ರಲ್ಲಿ ಅಮೆರಿಕದ ಒಲಿಂಪಿಕ್ ಆಯ್ಕೆಯ ಓಟಕ್ಕೆ ಬಂದ. ನಾಲ್ಕನೆಯವನಾದ, ರಿಯೋ ಟಿಕೆಟ್ ಸೆಕೆಂಡಿನ ನೂರರಲ್ಲೊಂದು ಭಾಗಕ್ಕೆ ತಪ್ಪಿತು. 2017ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್ಪಿನ ಫೈನಲ್ಲಿನಲ್ಲಿ ಐದನೆಯವ. ಅವಳು ಕೊಟ್ಟ ಕಿಡ್ನಿ ಹೊತ್ತುಕೊಂಡು ಓಡಿದ್ದು ಅದು! ನನ್ನ ಕಿಡ್ನಿ ಅಕ್ಕನನ್ನು ಲಂಡನ್ನಿಗೆ ಕಳಿಸದಿದ್ದರೂ ಪರವಾಗಿಲ್ಲ. ಹೊಸನಗರದ ಮನೆಗೆ ಕಳಿಸಲಿ, ಒಂದು ತಂಬಿಗೆ ನೀರು ಲೆಕ್ಕವಿಲ್ಲದೆ ಕುಡಿಸಲಿ.

ಸರಿ, ಇನ್ನು ಸಾಕು. 2026ರಲ್ಲಿ ಜಪಾನಿನ ಐಚಿ-ನಗೋಯಾದಲ್ಲಿ ಏಷ್ಯನ್ ಗೇಮ್ಸ್. ನಮ್ಮ ದೇಶದ ಹರ್ಡಲ್ಸ್ ಓಟಗಾರ ತೇಜಸ್ ಶಿರ್ಸೆ 2024ರಲ್ಲಿ ಫಿನ್ಲೆಂಡಿನಲ್ಲಿ 13.41 ಓಡಿ ರಾಷ್ಟ್ರೀಯ ದಾಖಲೆ ಮಾಡಿದ್ದಾನೆ. ಅವನ ಮೊದಲ ಹರ್ಡಲ್ ಬಗ್ಗೆ ನಿನ್ನ ಹತ್ತಿರ ಒಂದು ಗಂಟೆ ಭಾಷಣ ಇದೆ ಅಂತ ಗೊತ್ತು, ಅದನ್ನು ನಾನು ಮಲಗಿರುವ ಹೊತ್ತಿಗೆ ಇಟ್ಟುಕೋ. ಕೇಳುತ್ತೇನೆ, ಎದ್ದು ಹೋಗಲು ಹೇಗೂ ಆಗುವುದಿಲ್ಲ. ಒಂದೇ ಷರತ್ತು, ತಾಲ್ಲೂಕು ಮಟ್ಟದ ನಾಲ್ಕನೇ ಲೇನಿನ ಕಥೆ ಮಾತ್ರ ತೆಗೆಯಬಾರದು. ನಕ್ಕು ನಕ್ಕು ಹೊಲಿಗೆ ಬಿಚ್ಚಿದರೆ ಡಾಕ್ಟರಿಗೆ ನೀನೇ ಉತ್ತರ ಕೊಡಬೇಕು.

ಹಬ್ಬಕ್ಕೆ ಊರಿಗೆ ಬರುತ್ತೀಯಲ್ಲ, ಬೆಂಗಳೂರಿಗೆ ವಾಪಸ್ ಟಿಕೆಟ್ ಮಾಡಿಸಬೇಡ.

ನಿನ್ನ
ಸ್ಟಾಪ್‌ವಾಚು