ನಲ್ಲಿಯ ಹತ್ತಿರ ನಡೆದ ಜಗಳದ ಬಗ್ಗೆ ಪೋಷಕರಿಗೆ ಪತ್ರ

ಏಳನೇ ತರಗತಿ ಮಕ್ಕಳ ತಂದೆತಾಯಿಯರಿಗೆ ನಮಸ್ಕಾರ.

ಬುಧವಾರ ಬಿಸಿಯೂಟ ಮುಗಿಸಿ ಮಕ್ಕಳು ತಟ್ಟೆ ತೊಳೆಯಲು ನಿಂತಿದ್ದಾಗ ಹಿಂದಿನಿಂದ ಯಾರೋ ನೂಕಿದರು. ಒಬ್ಬ ಹುಡುಗ ಮುಗ್ಗರಿಸಿದ, ತಟ್ಟೆಯಲ್ಲಿ ಉಳಿದಿದ್ದ ಸಾಂಬಾರು ಮುಂದಿನವನ ಹೊಸ ಅಂಗಿಗೆ ಸಿಡಿಯಿತು. ಅವನು ತಿರುಗಿದವನೇ ಕೈಲಿದ್ದ ಸ್ಟೀಲ್ ತಟ್ಟೆಯಿಂದ ಹೊಡೆದ. ಹುಬ್ಬಿಗೆ ಎರಡು ಹೊಲಿಗೆ ಬಿದ್ದವು. ಗಾಯವಾದ ಹುಡುಗ ಈಗ ಶಾಲೆಗೆ ಬರುತ್ತಿದ್ದಾನೆ.

ಹೊಡೆದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. "ಬೇಕಂತಲೇ ಮಾಡಿದ ಮೇಡಂ" ಎಂದ. ನೂಕಾಟ ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅದೇ ಸಾಂಬಾರು ಪಕ್ಕದವನ ಕಾಲಿಗೂ ಸಿಡಿದಿತ್ತು. ಅವನು "ನೋಡ್ಕೊಂಡ್ ನಿಲ್ಲೋ" ಎಂದು ಬೈದು ಕಾಲು ತೊಳೆದುಕೊಂಡು ಹೋಗಿದ್ದ.

ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಡಾಡ್ಜ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ. ಹುಡುಗರು ಜೋಡಿಸುತ್ತಿದ್ದ ಪಜಲ್ ಅನ್ನು ಇನ್ನೊಬ್ಬ ಕೆಡಿಸಿದ. ಬೇಕಂತಲೋ ಕೈತಪ್ಪಿಯೋ ಎಂಬುದು ತಿಳಿಯದಿದ್ದಾಗ ಜಗಳಗಂಟ ಹುಡುಗರು ಬೇಕಂತಲೇ ಎಂದು ತಿರುಗಿಬಿದ್ದರು, ಉಳಿದವರು ಸುಮ್ಮನಾದರು. ಆದರೆ ಕೈತಪ್ಪಿ ಆದದ್ದೆಂದು ಸ್ಪಷ್ಟವಾಗಿ ಗೊತ್ತಾದಾಗ ಜಗಳಗಂಟರೂ ತಡೆದುಕೊಂಡರು. ನನಗೆ ಧೈರ್ಯ ಕೊಡುವುದು ಈ ಕೊನೆಯ ಮಾತೇ.

ಕೆಲವು ಮಕ್ಕಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತೊಟ್ಟಿಲಲ್ಲಿದ್ದಾಗಲೇ ತಾಯಿಗೆ ಅದು ಗೊತ್ತು. ಆ ಗುಣವನ್ನು ಕಿತ್ತೆಸೆಯಲಾಗದು. ಎತ್ತಿದ ಕೈಯನ್ನು ತಡೆಯುವುದನ್ನು ಮಾತ್ರ ಕಲಿಸಬಹುದು, ಅದಕ್ಕೆ ವರ್ಷಗಳೇ ಬೇಕು. ದುಡುಕನ್ನು ಹಿಡಿದಿಡುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಹನ್ನೆರಡರ ಹುಡುಗನಿಗೆ ಅಲ್ಲಿಯವರೆಗೆ ನಾವೇ ಆಸರೆ.

ಮಗು ಜಗಳದ ದೂರು ತಂದಾಗ "ನೀನೂ ಎರಡು ಬಿಡಬೇಕಿತ್ತು" ಅನ್ನಬೇಡಿ. "ಬೇಕಂತ ಮಾಡಿದ ಅಂತ ನಿನಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿ. ಯೋಚಿಸಿ ಉತ್ತರ ಹೇಳುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ. ಹಸಿವು, ನಿದ್ದೆಗೆಟ್ಟದ್ದು ಕೂಡ ಸಿಟ್ಟಿಗೆ ತುಪ್ಪ ಸುರಿಯುತ್ತವೆ, ರಾತ್ರಿ ಮೊಬೈಲ್ ತೆಗೆದಿಡಿ.

ಸುದ್ದಿ ತಿಳಿದು ಬಂದ ಕೆಲವರು "ನಾಲ್ಕು ಬಾರಿಸಿ, ಬುದ್ಧಿ ಬರುತ್ತೆ" ಎಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಆ ಕಾನೂನು ಇಲ್ಲದಿದ್ದರೂ ನಾನು ಕೈ ಎತ್ತುತ್ತಿರಲಿಲ್ಲ. ಸಿಟ್ಟು ಬಂದರೆ ಹೊಡೆಯಬೇಕು ಎಂದು ಅವನು ಆಗಲೇ ಕಲಿತಿದ್ದಾನೆ, ಅದೇ ಪಾಠವನ್ನು ನಾನೇಕೆ ಮತ್ತೆ ಹೇಳಿಕೊಡಲಿ? ದಯವಿಟ್ಟು ಮನೆಯಲ್ಲೂ ಹೊಡೆಯಬೇಡಿ.

ನಮ್ಮ ತಪ್ಪೂ ಇದೆ. ಎರಡೇ ನಲ್ಲಿಗೆ ಅಷ್ಟು ಮಕ್ಕಳನ್ನು ಒಟ್ಟಿಗೆ ಬಿಟ್ಟಿದ್ದೆವು. ಇನ್ನು ತರಗತಿವಾರು ಕಳಿಸುತ್ತೇವೆ, ಶಿಕ್ಷಕರೊಬ್ಬರು ಅಲ್ಲೇ ನಿಂತಿರುತ್ತಾರೆ.

ಮಗುವಿನ ಸಿಟ್ಟಿನ ಬಗ್ಗೆ ಆತಂಕವಿದ್ದವರು ಶನಿವಾರ ಶಾಲೆ ಬಿಟ್ಟ ಮೇಲೆ ಬನ್ನಿ, ನಾನು ಇರುತ್ತೇನೆ. ತಾಯಂದಿರನ್ನಷ್ಟೇ ಕಳಿಸದೆ ತಂದೆಯರೂ ಬರಬೇಕು.

ಇಂತಿ,
ಮುಖ್ಯ ಶಿಕ್ಷಕಿ